ಮಾರುತಿ 800ರ ಕೀಲಿಗೊಂಚಲು ಜಾತ್ರೆಯಲ್ಲಿ ಕಳೆದಿದೆ. ಲಾಕ್ ಸೆಟ್ ಮನೆಯಲ್ಲೇ ಬದಲಾಯಿಸಬಹುದಾ?

ಅಡಿಕೆ_ತೋಟ (ಶಿರಸಿ), ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಮಾರಿಕಾಂಬಾ ಜಾತ್ರೆಗೆ ಹೋದವನು ಕಾರಿನ ಕೀಲಿಗೊಂಚಲು ಕಳೆದುಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ. ಮಗಳ ಜೊತೆ ದೊಡ್ಡ ತೊಟ್ಟಿಲು ಹತ್ತಿದ್ದೆ. ಅಂಗಿ ಜೇಬಿನಿಂದ ಅಲ್ಲೇ ಬಿತ್ತೋ, ಮಂಡಕ್ಕಿ ಅಂಗಡಿಯ ಎದುರು ಬಿತ್ತೋ ಗೊತ್ತಿಲ್ಲ. ಆ ಜನಸಾಗರದಲ್ಲಿ ಎಲ್ಲಿ ಅಂತ ಹುಡುಕುವುದು?

ಗಾಡಿ 1999ರ ಮಾರುತಿ 800, ಕಾರ್ಬುರೇಟರ್ ಇರುವುದು. ಸೆಕೆಂಡ್ ಹ್ಯಾಂಡ್ ತಗೊಂಡಾಗಲೇ ಒಂದೇ ಬೀಗದ ಕೈ ಇತ್ತು. ಇನ್ನೊಂದು ಮಾಡಿಸಬೇಕು ಅಂತ ಎಂಟು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಈಗ ಗಾಡಿ ಗೆಳೆಯನ ಅಂಗಳದಲ್ಲಿ ನಿಂತಿದೆ, ಬಾಗಿಲೂ ಲಾಕ್, ಸ್ಟೀರಿಂಗೂ ಲಾಕ್.

ನಿಜವಾದ ಹೆದರಿಕೆ ಬೇರೆ. ಗೊಂಚಲಿನಲ್ಲಿ ಒಂದು ಪ್ಲಾಸ್ಟಿಕ್ ಬಿಲ್ಲೆ ಇದೆ, ಅದರ ಮೇಲೆ ಗಾಡಿ ನಂಬರ್ ಬರೆದಿದೆ. ಸಿಕ್ಕವರು ಒಳ್ಳೆಯವರಾದರೆ ಸರಿ. ಅಲ್ಲದಿದ್ದರೆ?

ಪಂಪ್‌ಸೆಟ್, ಕಳೆ ಕೊಚ್ಚುವ ಮಷಿನ್ ಎಲ್ಲ ನಾನೇ ಬಿಚ್ಚಿ ಜೋಡಿಸುತ್ತೇನೆ. ಲಾಕ್ ಸೆಟ್ ತರಿಸಿ ನಾನೇ ಹಾಕಬಹುದಾ?

ಹಳೇಗಾಡಿ_ಹುಚ್ಚ (ಬೆಂಗಳೂರು), ಸೋಮವಾರ ರಾತ್ರಿ

ಖಂಡಿತ ಆಗುತ್ತೆ ಮಾರಾಯ್ರೆ. 800ಕ್ಕಿಂತ ಸುಲಭದ ಗಾಡಿ ಬೇರೆ ಇಲ್ಲ. ನಿಮ್ಮದು ಕಾರ್ಬುರೇಟರ್ ಅಂದ ಮೇಲೆ ಕೈಯೊಳಗಿನ ಎಲೆಕ್ಟ್ರಾನಿಕ್ ಚಿಪ್ಪಿನ ತಲೆನೋವೇ ಇಲ್ಲ, ಕೈ ತಿರುಗಿದರೆ ಗಾಡಿ ಎದ್ದೇಳುತ್ತೆ. ಇಲ್ಲಿ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸೆಟ್ ಈಗಲೂ ಸಿಗುತ್ತೆ. ಇಗ್ನಿಷನ್, ಎರಡು ಬಾಗಿಲು, ಡಿಕ್ಕಿ, ಎಲ್ಲದಕ್ಕೂ ಒಂದೇ ಕೈ.

ಆದರೆ 'ಎಲ್ಲಾ 800ಕ್ಕೂ ಇದೇ ಸಾರ್' ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. 1983ರಿಂದ 2014ರ ಜನವರಿ ತನಕ ತಯಾರಾದ ಗಾಡಿ ಅದು. 1986ಕ್ಕೆ ಆಕಾರವೇ ಬದಲಾಯಿತು, ಆಮೇಲೂ ಸಣ್ಣಪುಟ್ಟ ಬದಲಾವಣೆ ಆಗುತ್ತಲೇ ಇತ್ತು. ಆರ್‌ಸಿಯಲ್ಲಿರುವ ತಿಂಗಳು, ವರ್ಷ ಹೇಳಿಯೇ ಕೇಳಿ. ಸಾಧ್ಯವಾದರೆ ಹಳೇ ಬೀಗದ ಫೋಟೋ ಕಳಿಸಿ ತರಿಸಿ.

ಸುಮ್ನೆ_ಓದುವವ (ತುಮಕೂರು), ಸೋಮವಾರ ರಾತ್ರಿ

ಇಪ್ಪತ್ತೇಳು ವರ್ಷದ ಗಾಡಿ ಯಾರು ಕದೀತಾರೆ ಸ್ವಾಮಿ? ಒಂದು ಕೈ ಮಾಡಿಸಿ ಓಡಿಸಿ. ಸುಮ್ನೆ ಯಾಕೆ ಇಷ್ಟು ರಗಳೆ?

ಅಡಿಕೆ_ತೋಟ (ಶಿರಸಿ), ಮಂಗಳವಾರ ಬೆಳಿಗ್ಗೆ

ಹಾಗನ್ನಬೇಡಿ. 2024ರಲ್ಲಿ ಆರ್‌ಸಿ ಮೂರನೇ ಸಲ ರಿನ್ಯೂ ಮಾಡಿಸಿದ್ದೇನೆ. ನಮ್ಮ ಮನೆಯ ಏರಿ ಹತ್ತುವ ಗಾಡಿ ಅದೊಂದೇ. 😄

ಕೀಲಿ_ಅಂಗಡಿ_ಮಗಳು (ಹುಬ್ಬಳ್ಳಿ), ಮಂಗಳವಾರ ಬೆಳಿಗ್ಗೆ

ಅಪ್ಪನ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ಅರ ಹಿಡಿದು ಕೂತಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಅಣ್ಣಾ, ಲಾಕ್ ಸೆಟ್‌ಗೆ ದುಡ್ಡು ಹಾಕುವ ಮುಂಚೆ ಒಂದು ವಿಷಯ. ಕೈ ಕಳೆಯುವುದು ಬೇರೆ, ಕೈ ಇನ್ನೊಬ್ಬರಿಗೆ ಸಿಗುವುದು ಬೇರೆ. ಬಾವಿಗೆ ಬಿದ್ದಿದ್ದರೆ ಬೀಗ ಯಾಕೆ ಬದಲಾಯಿಸಬೇಕು? ಹೊಸ ಕೈ ಮಾಡಿಸಿದರೆ ಮುಗಿಯಿತು. ನಮ್ಮಲ್ಲಿಗೆ 'ಎಲ್ಲಾ ಬೀಗ ಬದಲಾಯಿಸಿ' ಅಂತ ಬರುವವರಲ್ಲಿ ಅರ್ಧ ಜನಕ್ಕೆ ಬರೀ ಕೈ ಸಾಕು. ನಿಮ್ಮದು ಹಾಗಲ್ಲ. ನಂಬರ್ ಬಿಲ್ಲೆ ಜೊತೆ ಜಾತ್ರೆಯಲ್ಲಿ ಬಿದ್ದಿದೆ. ಹಳೇ ಕೈ ಕೆಲಸ ಮಾಡದ ಹಾಗೆ ಮಾಡಲೇಬೇಕು.

ಹಾಗಂತ ಮೊದಲ ಕೆಲಸ ಅದಲ್ಲ. ಮೊದಲು ಶಿರಸಿಯಲ್ಲೇ ಕೀಲಿ ರಿಪೇರಿಯವರನ್ನು ಗಾಡಿ ಹತ್ತಿರ ಕರೆಸಿ, ಬಾಗಿಲು ತೆಗೆಸಿ. ನೀವೇ ಸ್ಕೇಲು, ತಂತಿ ಹಾಕಬೇಡಿ. ಗಾಜಿನ ರಬ್ಬರ್ ಹರಿದು ಮಳೆಗಾಲದಲ್ಲಿ ಬಾಗಿಲೊಳಗೆ ನೀರು ಇಳಿಯುತ್ತೆ. ಬಂದವರು ಆರ್‌ಸಿ ತೋರಿಸಿ ಅಂತ ಕೇಳದಿದ್ದರೆ ಬೇರೆಯವರನ್ನು ನೋಡಿ.

ಬಾಗಿಲು ತೆರೆದ ಮೇಲೆ ಎಡಬದಿಯ ಬೀಗ ಬಿಚ್ಚಿ ಕೊಡಿ. ಡ್ರೈವರ್ ಬದಿಯದ್ದು ಸವೆದಿರುತ್ತೆ, ಎಡಗಡೆಯದನ್ನು ಯಾರೂ ಬಳಸಿರುವುದಿಲ್ಲ. ಒಳಗಿನ ಪ್ಲೇಟುಗಳ ಎತ್ತರ ನೋಡಿ ಹೊಸ ಕೈ ಕತ್ತರಿಸಬಹುದು. ಆ ಕೈ ಇಗ್ನಿಷನ್‌ಗೂ ಆಗುತ್ತೆ, ಗಾಡಿ ಮನೆಗೆ ಬರುತ್ತೆ. ಟೋಯಿಂಗ್ ದುಡ್ಡು ಉಳೀತು. ಬೀಗ ಬದಲಾಯಿಸುವುದನ್ನು ಆಮೇಲೆ ಮನೆಯ ನೆರಳಲ್ಲಿ ಕೂತು ಮಾಡಿ. ಇಗ್ನಿಷನ್ ಬಿಚ್ಚುವುದಕ್ಕೂ ತಿರುಗುವ ಕೈ ಇದ್ದರೇ ಸಲೀಸು.

ಪಾಲಿಸಿ_ಅಕ್ಕ (ಮೈಸೂರು), ಮಂಗಳವಾರ ಮಧ್ಯಾಹ್ನ

ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಒಂದು ಕಾಗದ ಮಾಡಿಕೊಳ್ಳಿ. ವಸ್ತು ಕಳೆದರೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ಎಂಬ ಆನ್‌ಲೈನ್ ಸೇವೆಯಲ್ಲಿ ಮನೆಯಲ್ಲೇ ಕೂತು ದೂರು ದಾಖಲಿಸಬಹುದು. ಗಾಡಿ ನಂಬರ್, ಕಳೆದ ಜಾಗ, ದಿನ ಹಾಕಿ. ನಾಳೆ ಯಾರೋ ಆ ಕೈ ಹಿಡಿದು ಗಾಡಿ ಒಯ್ದು ಏನಾದರೂ ಮಾಡಿದರೆ, ಪೊಲೀಸರು ಮೊದಲು ಬರುವುದು ಆರ್‌ಸಿಯಲ್ಲಿ ಹೆಸರಿರುವವರ ಮನೆಗೆ.

ಎಲ್ಲರಿಗೂ ಗೊತ್ತಿರಬೇಕಾದ ಇನ್ನೊಂದು. ಗಾಡಿ ಕಳ್ಳತನವಾಗಿ ಕ್ಲೇಮ್‌ಗೆ ಹೋದರೆ ಇನ್ಶೂರೆನ್ಸ್‌ನವರು ಎರಡೂ ಕೈ ಕೇಳುತ್ತಾರೆ. ಒಂದೇ ಕೊಟ್ಟರೆ ಇನ್ನೊಂದು ಎಲ್ಲಿ, ಯಾವಾಗ ಕಳೆಯಿತು, ಯಾಕೆ ತಿಳಿಸಲಿಲ್ಲ ಅಂತ ಶುರು. ಆಗ ಈ ಇ-ಲಾಸ್ಟ್ ಕಾಗದ, ಬೀಗ ಬದಲಾಯಿಸಿದ ಬಿಲ್ಲು ಇದ್ದರೆ ಮಾತು ಸುಲಭ. ಕೈ ಕಳೆದರೆ ದುಡ್ಡು ಕೊಡುವ ಆಡ್-ಆನ್ ಕವರ್ ಬೇರೆ ಇದೆ, ಅದು ಮಾಮೂಲಿ ಪಾಲಿಸಿಯೊಳಗೆ ಬರುವುದಿಲ್ಲ. ನಿಮ್ಮ ಪಾಲಿಸಿ ಯಾವುದು?

ಅಡಿಕೆ_ತೋಟ (ಶಿರಸಿ), ಮಂಗಳವಾರ ಮಧ್ಯಾಹ್ನ

ಥರ್ಡ್ ಪಾರ್ಟಿ ಮಾತ್ರ ಅಕ್ಕಾ.

ಪಾಲಿಸಿ_ಅಕ್ಕ (ಮೈಸೂರು), ಮಂಗಳವಾರ ಮಧ್ಯಾಹ್ನ

ಹಾಗಾದರೆ ಕದ್ದರೆ ಒಂದು ರೂಪಾಯಿಯೂ ಬರುವುದಿಲ್ಲ. ಬೀಗ ಬದಲಾಯಿಸಿ.

ಕಡಲತಡಿ_ಆಲ್ಟೊ (ಮಂಗಳೂರು), ಮಂಗಳವಾರ ಸಂಜೆ

ಚಿಪ್ಪು ಇರುವ ಗಾಡಿಯವರು ಇದನ್ನು ಓದಿ ನೇರ ಲಾಕ್ ಸೆಟ್ ತರಿಸಬೇಡಿ. ನನ್ನ ಕಥೆ ಕೇಳಿ. ನನ್ನದು ಆಲ್ಟೊ. ಇಗ್ನಿಷನ್ ಲಾಕ್ ಸವೆದು ಕೈ ಸಿಕ್ಕಿಕೊಳ್ಳುತ್ತಿತ್ತು. ಆನ್‌ಲೈನಿನಲ್ಲಿ ಒಂದು ಸೆಟ್ ತರಿಸಿ, ಭಾನುವಾರ ಪೂರ್ತಿ ಕೂತು ಹಾಕಿದೆ. ಕೈ ಬೆಣ್ಣೆಯ ಹಾಗೆ ತಿರುಗಿತು. ಸ್ಟಾರ್ಟರ್ ಗರಗರ ಅಂತು. ಎಂಜಿನ್ ಏಳಲೇ ಇಲ್ಲ! ಮೀಟರ್ ಹತ್ತಿರ ಕೀಲಿ ಚಿತ್ರದ ದೀಪ ಮಿಣಮಿಣ ಅನ್ನುತ್ತಿತ್ತು. ಪೆಟ್ರೋಲ್ ಪಂಪ್ ಹೋಗಿದೆ ಅಂತ ಒಬ್ಬ, ಬ್ಯಾಟರಿ ಅಂತ ಇನ್ನೊಬ್ಬ. ಕೊನೆಗೆ ಪಕ್ಕದ ಮನೆಯ ಹುಡುಗ ಬಂದು ಹಳೇ ಕೈಯ ತಲೆಯನ್ನು ಹೊಸ ಕೈಗೆ ಒತ್ತಿ ಹಿಡಿದು ತಿರುಗಿಸಿದ. ಒಂದೇ ಏಟಿಗೆ ಸ್ಟಾರ್ಟ್.

ಕೀಲಿ_ಅಂಗಡಿ_ಮಗಳು (ಹುಬ್ಬಳ್ಳಿ), ಮಂಗಳವಾರ ಸಂಜೆ

ಆ ಹುಡುಗನನ್ನು ನಮ್ಮ ಅಂಗಡಿಗೆ ಕಳಿಸಿ. 😂

ವಿಷಯ ಇಷ್ಟೇ. ಕೈಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಸಣ್ಣ ಚಿಪ್ಪು ಇರುತ್ತೆ. ಅದಕ್ಕೆ ಬ್ಯಾಟರಿ ಇಲ್ಲ. ಇಗ್ನಿಷನ್ ಲಾಕಿನ ಬಾಯಿಯ ಸುತ್ತ ಬಳೆಯ ಹಾಗೆ ಒಂದು ಕಾಯಿಲ್ ಇದೆ, ಅದರಿಂದಲೇ ಚಿಪ್ಪಿಗೆ ಕರೆಂಟು ಸಿಗುತ್ತೆ, ಅದರ ಮೂಲಕವೇ ಚಿಪ್ಪು ತನ್ನ ಕೋಡ್ ಹೇಳುತ್ತೆ. ಕೋಡ್ ತಾಳೆಯಾಗದಿದ್ದರೆ ಗಾಡಿಯ ಕಂಪ್ಯೂಟರ್ ಎಂಜಿನ್ ಓಡಲು ಬಿಡುವುದಿಲ್ಲ. ಕಬ್ಬಿಣ ಬದಲಾಯಿಸಿದರೂ ಕೋಡ್ ಹಳೇದೇ.

ಒಂದು ಹಳೇ ಕೈ ಉಳಿದಿದ್ದರೆ ಅದರ ಚಿಪ್ಪನ್ನು ಹೊಸ ಕೈಗೆ ಸೇರಿಸಬಹುದು. ಎರಡೂ ಕಳೆದಿದ್ದರೆ ಆರ್‌ಸಿ, ಗುರುತಿನ ಚೀಟಿ ಹಿಡಿದು ಸರ್ವಿಸ್ ಸೆಂಟರ್‌ಗೇ ಹೋಗಿ, ಅಥವಾ ಪ್ರೋಗ್ರಾಮಿಂಗ್ ಮಷಿನ್ ಇರುವ, ನಿಮಗೆ ಪರಿಚಯದ ಕೀಲಿಯವರ ಹತ್ತಿರ. ಒಂದು ಕೈ ಮಾತ್ರ ಕಳೆದಾಗ ಉಳಿದ ಕೈಗಳನ್ನೆಲ್ಲ ಜೊತೆಗೇ ಒಯ್ಯಿರಿ. ಅನೇಕ ಗಾಡಿಗಳಲ್ಲಿ ಹೊಸದಾಗಿ ನೋಂದಾಯಿಸುವಾಗ ಎದುರಿಗಿಲ್ಲದ ಕೈಯ ಕೋಡ್ ಅಳಿಸಿಹೋಗುತ್ತೆ. ಆಗ ಕಳೆದ ಕೈಯಿಂದ ಬಾಗಿಲು ತೆರೆದರೂ ಎಂಜಿನ್ ಏಳುವುದಿಲ್ಲ. ಹೊಸ ಗಾಡಿಯವರಿಗೆ ಅಷ್ಟೇ ಸಾಕಾಗಬಹುದು, ಬೀಗ ಬಿಚ್ಚುವ ಕೆಲಸವೇ ಇಲ್ಲ. ಹೊಸ ಗಾಡಿಯ ಜೊತೆ ಕೈ ನಂಬರಿನ ಸಣ್ಣ ತಗಡು ಕೊಡುತ್ತಾರಲ್ಲ, ಅದನ್ನು ಗೊಂಚಲಿಗೇ ಹಾಕಿಕೊಂಡು ತಿರುಗುವವರಿದ್ದಾರೆ. ಮನೆಯಲ್ಲಿಡಿ.

ಎಚ್ಚೆನ್_ಮಂಡ್ಯ (ಮಂಡ್ಯ), ಮಂಗಳವಾರ ರಾತ್ರಿ

ನಡುವೆ ಒಂದು ಪ್ರಶ್ನೆ. ನಮ್ಮ ಕಡೆ ಬೀಗ, ಬೀಗದ ಕೈ ಅಂತೀವಿ. ನಿಮ್ಮ ಕಡೆ ಕೀಲಿ ಅಂದರೆ ಬೀಗವಾ, ಕೈಯಾ?

ಕೀಲಿ_ಅಂಗಡಿ_ಮಗಳು (ಹುಬ್ಬಳ್ಳಿ), ಮಂಗಳವಾರ ರಾತ್ರಿ

ಬೀಗ. 'ಕೀಲಿ ಹಾಕು' ಅಂದರೆ ಬೀಗ ಹಾಕು ಅಂತ. ಆದರೆ 'ಕೀಲಿ ಕಳದೈತಿ' ಅಂತ ಬಂದವರು ಬೀಗ ತಂದಿರುತ್ತಾರೆ, ಕೈ ಇರುವುದಿಲ್ಲ. ನಾವು ಕೈಯಲ್ಲಿ ಏನಿದೆ ಅಂತ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ.

ಅಡಿಕೆ_ತೋಟ (ಶಿರಸಿ), ಗುರುವಾರ ರಾತ್ರಿ

ಹುಬ್ಬಳ್ಳಿಯ ಅಕ್ಕ ಹೇಳಿದ ಹಾಗೇ ಆಯಿತು. ಇಲ್ಲಿನ ಕೀಲಿಯವರು ಬಂದು ಆರ್‌ಸಿ ನೋಡಿಯೇ ಬಾಗಿಲು ತೆಗೆದರು. ಎಡಬಾಗಿಲಿನ ಬೀಗ ಬಿಚ್ಚಿ, ಅರ ಹಾಕಿ, ಮುಕ್ಕಾಲು ಗಂಟೆಯಲ್ಲಿ ಕೈ ಮಾಡಿ ಕೊಟ್ಟರು. ಗಾಡಿ ಮನೆಗೆ ಬಂತು. ಇ-ಲಾಸ್ಟ್ ಕೂಡ ಮಾಡಿದೆ. ಬೆಂಗಳೂರಿನಿಂದ ಸೆಟ್ ನಾಳೆ ಬಸ್ಸಿಗೆ ಬರುತ್ತೆ.

ಈಗ ಹೊಸ ತೊಂದರೆ. ಪೆಟ್ರೋಲ್ ಮುಚ್ಚಳ. ಹಿಂದಿನ ಮಾಲೀಕರು ಬೀಗ ಇರುವ ಯಾವುದೋ ಲೋಕಲ್ ಮುಚ್ಚಳ ಹಾಕಿಸಿದ್ದರು. ಅದರ ಕೈಯೂ ಆ ಗೊಂಚಲಿನಲ್ಲೇ ಇತ್ತು. ಮುಳ್ಳು ಕೆಳಗೆ ಇಳಿದಿದೆ. ಡ್ರಿಲ್ ಹಾಕಿ ಬೀಗ ಕೊರೆದುಬಿಡಲಾ?

ಕೀಲಿ_ಅಂಗಡಿ_ಮಗಳು (ಹುಬ್ಬಳ್ಳಿ), ಗುರುವಾರ ರಾತ್ರಿ

ಬೇಡ! ಬೇಡವೇ ಬೇಡ! ಡ್ರಿಲ್ ಮೋಟಾರಿನಲ್ಲೇ ಕಿಡಿ ಹಾರುತ್ತೆ, ಲೋಹ ಕೊರೆದರೂ ಕಿಡಿ. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದಾಗ ಒಳಗೆ ಆವಿ ಜಾಸ್ತಿ. ಕೊರೆದ ಲೋಹದ ಪುಡಿ ಟ್ಯಾಂಕಿಗೆ ಬೀಳುವುದು ಬೇರೆ.

ಕೀಲಿಯವರನ್ನೇ ಮತ್ತೆ ಕರೆಸಿ. ಹಲ್ಲು ಕತ್ತರಿಸದ ಕೈಯನ್ನು ಬೀಗಕ್ಕೆ ಹಾಕಿ ಒತ್ತಿ ತಿರುಗಿಸಿದರೆ ಪ್ಲೇಟು ತಾಗಿದ ಕಡೆ ಸಣ್ಣ ಗುರುತು ಬೀಳುತ್ತೆ. ಅಷ್ಟಕ್ಕೇ ಅರ ಹಾಕುವುದು, ಮತ್ತೆ ಹಾಕಿ ನೋಡುವುದು. ತಾಳ್ಮೆಯ ಕೆಲಸ, ಆದರೆ ಬೆಂಕಿ ಇಲ್ಲ. ತೆರೆದ ಮೇಲೆ ಆ ಮುಚ್ಚಳ ಬಿಸಾಕಿ ಬೇರೆ ಹಾಕಿ.

ಹಳೇಗಾಡಿ_ಹುಚ್ಚ (ಬೆಂಗಳೂರು), ಗುರುವಾರ ರಾತ್ರಿ

ಸೆಟ್ ಬರುವ ಮುಂಚೆ ಬಾಗಿಲಿನ ಕೆಲಸ ಹೇಳಿಬಿಡುತ್ತೇನೆ. ಗಾಜು ಪೂರ್ತಿ ಮೇಲೆ ಏರಿಸಿಡಿ, ಇಲ್ಲದಿದ್ದರೆ ಕೈ ಹೋಗುವ ಜಾಗಕ್ಕೆ ಗಾಜು ಅಡ್ಡ. ಗಾಜು ತಿರುಗಿಸುವ ಹಿಡಿಕೆಯ ಹಿಂದೆ ಒಂದು ತಂತಿ ಕ್ಲಿಪ್ ಇದೆ. ಹಳೇ ಬನಿಯನ್ ಬಟ್ಟೆಯನ್ನು ಹಿಡಿಕೆಯ ಹಿಂದೆ ಹಾಕಿ, ಶೂ ಪಾಲಿಶ್ ಮಾಡುವವರ ಹಾಗೆ ಅತ್ತಿತ್ತ ಎಳೆಯಿರಿ. ಕ್ಲಿಪ್ ಚಿಮ್ಮುತ್ತೆ. ಎಲ್ಲಿ ಬಿತ್ತು ಅಂತ ನೋಡಿಕೊಳ್ಳಿ, ನನ್ನದು ಮೂರು ತಿಂಗಳಾದ ಮೇಲೆ ಸೀಟಿನ ಕೆಳಗೆ ಸಿಕ್ಕಿತು. ಆಮೇಲೆ ಕೈ ಒರಗಿನ ಸ್ಕ್ರೂ, ಒಳ ಹಿಡಿಕೆಯ ಚೌಕಟ್ಟು, ಕೊನೆಗೆ ಬಾಗಿಲಿನ ಒಳಬದಿಯ ರಟ್ಟು. ರಟ್ಟನ್ನು ಕ್ಲಿಪ್ಪಿನ ಹತ್ತಿರದಿಂದಲೇ ಎಬ್ಬಿಸಿ. ನಡುವೆ ಹಿಡಿದು ಎಳೆದರೆ ಹಳೇ ರಟ್ಟು ಹಪ್ಪಳದ ಹಾಗೆ ಮುರಿಯುತ್ತೆ. ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಹರಿಯಬೇಡಿ. ನಿಮ್ಮ ಊರಿನ ಮಳೆಗೆ ಅದು ಬೇಕೇ ಬೇಕು.

ಒಳಗೆ ಕೈ ಹಾಕಿದರೆ ಬೀಗವನ್ನು ಲಾಳದ ಆಕಾರದ ಒಂದು ತಗಡಿನ ಕ್ಲಿಪ್ ಹಿಡಿದಿರುತ್ತೆ. ಬೀಗದ ಬಾಲಕ್ಕೆ ಸಿಕ್ಕಿಸಿದ ಕಡ್ಡಿ ಮೊದಲು ಬಿಡಿಸಿ, ಆಮೇಲೆ ಕ್ಲಿಪ್ ಎಳೆಯಿರಿ. ತಗಡಿನ ಅಂಚು ಬ್ಲೇಡಿನಷ್ಟು ಹರಿತ, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಹೊಸದು ಹಾಕಿದ ಮೇಲೆ ಬಾಗಿಲು ಮುಚ್ಚುವ ಮುಂಚೆ, ಬಾಗಿಲು ತೆರೆದೇ ಇಟ್ಟು ಕೈ ತಿರುಗಿಸಿ ನೋಡಿ. ಕಡ್ಡಿ ತಪ್ಪಿ ಕೂತಿದ್ದರೆ ಆಗಲೇ ಗೊತ್ತಾಗುತ್ತೆ.

ಇಗ್ನಿಷನ್‌ನದೇ ನಿಜವಾದ ಪರೀಕ್ಷೆ. ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರ್ ತೆಗೆದರೆ ಲಾಕ್ ಹಿಡಿದಿರುವ ಎರಡು ಬೋಲ್ಟ್ ಕಾಣುತ್ತೆ. ಅವಕ್ಕೆ ತಲೆಯೇ ಇಲ್ಲ. ಕಂಪನಿಯಲ್ಲಿ ಬಿಗಿ ಮಾಡುವಾಗಲೇ ತಲೆ ಮುರಿಯುವ ಹಾಗೆ ಮಾಡಿದ್ದಾರೆ, ಕಳ್ಳನ ಸ್ಪ್ಯಾನರ್‌ಗೆ ಸಿಗದಿರಲಿ ಅಂತ. ನಮಗೂ ಸಿಗುವುದಿಲ್ಲ! ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಸ್ಟೀರಿಂಗ್ ಕಾಲಂ (ಸ್ಟೀರಿಂಗಿನ ಕಂಬ) ಹಿಡಿದಿರುವ ನಟ್ ಬಿಚ್ಚಿ ಸ್ವಲ್ಪ ಕೆಳಗೆ ಇಳಿಸಿಕೊಂಡರೆ ಸುತ್ತಿಗೆ ಆಡಿಸಲು ಜಾಗ ಸಿಗುತ್ತೆ. ಸೆಂಟರ್ ಪಂಚ್ ಅಥವಾ ಸಣ್ಣ ಉಳಿಯನ್ನು ಬೋಲ್ಟಿನ ಅಂಚಿಗೆ ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಸಣ್ಣ ಸಣ್ಣ ಏಟು ಕೊಡಿ. ಸಿಟ್ಟು ಬಂದರೆ ಎದ್ದು ಚಹಾ ಕುಡಿದು ಬನ್ನಿ. ಜೋರಾಗಿ ಹೊಡೆದರೆ ಕಾಲಂಗೆ ಪೆಟ್ಟು.

ಹೊಸ ಲಾಕ್ ಕೂರಿಸುವಾಗ ಕೈ ಎಸಿಸಿ (ಲಾಕ್ ಮತ್ತು ಆನ್ ನಡುವಿನ ಸ್ಥಾನ) ಅಥವಾ ಆನ್‌ನಲ್ಲಿ ಇರಲಿ, ಆಗ ಸ್ಟೀರಿಂಗ್ ಹಿಡಿಯುವ ಗೂಟ ಒಳಗೆ ಸರಿದಿರುತ್ತೆ. ಹೊಸ ಬೋಲ್ಟ್ ಮೊದಲು ಬೆರಳಲ್ಲಿ ಮಾತ್ರ ಬಿಗಿ ಮಾಡಿ. ಕೈ ಲಾಕ್‌ಗೆ ತಿರುಗಿಸಿ ಹೊರಗೆ ತೆಗೆದು, ಸ್ಟೀರಿಂಗ್ ಅಲ್ಲಾಡಿಸಿ. ಗೂಟ ಸರಿಯಾಗಿ ರಂಧ್ರಕ್ಕೆ ಕೂತು ಲಾಕ್ ಆಗಬೇಕು. ಮತ್ತೆ ಕೈ ಹಾಕಿ ಎಸಿಸಿಗೆ ತಂದು, ಸ್ಟೀರಿಂಗನ್ನು ಎರಡೂ ಕಡೆ ಕೊನೆಯ ತನಕ ತಿರುಗಿಸಿ. ಎಲ್ಲೂ ತಾಗಬಾರದು. ಇದು ಸರಿಯಿದ್ದರೆ ಮಾತ್ರ ತಲೆ ಮುರಿಯುವ ತನಕ ಬಿಗಿ ಮಾಡಿ. ಇಳಿಸಿದ ಕಾಲಂನ ನಟ್ ಎಲ್ಲಾ ವಾಪಸ್ ಬಿಗಿಯಾಗಿದೆಯಾ ಅಂತ ಎರಡು ಸಲ ನೋಡಿ. ಇಲ್ಲಿ ಮಾತ್ರ ಅಂದಾಜು ಬೇಡ. ಘಟ್ಟದ ತಿರುವಿನಲ್ಲಿ ಸ್ಟೀರಿಂಗ್ ಹಿಡಿದುಕೊಂಡರೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಸ್ಟೀರಿಂಗಿನಲ್ಲಿ ಏರ್‌ಬ್ಯಾಗ್ ಇರುವ ಗಾಡಿಯವರು ಇದನ್ನು ಮನೆಯಲ್ಲಿ ಮಾಡಬೇಡಿ. ಗೊತ್ತಿರುವವರಿಗೆ ಕೊಡಿ.

ಅಡಿಕೆ_ತೋಟ (ಶಿರಸಿ), ಭಾನುವಾರ ರಾತ್ರಿ

ಮುಗಿಯಿತು. ಮುಕ್ಕಾಲು ಪಾಲು.

ಬಾಗಿಲು ಎರಡಕ್ಕೂ ಸೇರಿ ಎರಡು ಗಂಟೆ. ಬನಿಯನ್ ಬಟ್ಟೆಯ ಉಪಾಯ ನೋಡಿ ಮಗಳು ಚಪ್ಪಾಳೆ ತಟ್ಟಿದಳು, ಚಿಮ್ಮಿದ ಕ್ಲಿಪ್ ಹಿಡಿದುಕೊಟ್ಟವಳೂ ಅವಳೇ. ಇಗ್ನಿಷನ್‌ಗೆ ಮಾತ್ರ ಮಧ್ಯಾಹ್ನ ಪೂರ್ತಿ ಹೋಯಿತು. ಒಂದು ಬೋಲ್ಟ್ ಹತ್ತೇ ಏಟಿಗೆ ಸಡಿಲವಾಯಿತು. ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಊಟ ಮಾಡಿ, ಒಂದು ನಿದ್ದೆ ತೆಗೆದು ಬಂದ ಮೇಲೆ ತಿರುಗಿತು. ಗೂಟದ ಪರೀಕ್ಷೆ ನಾಲ್ಕು ಸಲ ಮಾಡಿದೆ. ಮನೆಯ ಏರಿ ಎರಡು ಸುತ್ತು ಹೊಡೆದು ಬಂದೆ, ತೊಂದರೆ ಇಲ್ಲ.

ಡಿಕ್ಕಿ ಬೀಗ ಹೊಂದಲಿಲ್ಲ. ಫೋಟೋ ಕಳಿಸಿದ್ದೆ, ಆದರೂ ಹಿಂದಿನ ನಾಲಿಗೆ ಬೇರೆ ಥರ ಬಂದಿದೆ, ಕೊಂಡಿಗೆ ತಾಗುವುದೇ ಇಲ್ಲ. ಅದಕ್ಕೆ ಹಳೇದನ್ನೇ ಬಿಟ್ಟಿದ್ದೇನೆ. ಡಿಕ್ಕಿ ತಾನೇ, ನಡೆಯುತ್ತೆ ಅಲ್ವಾ?

ಸುಮ್ನೆ_ಓದುವವ (ತುಮಕೂರು), ಭಾನುವಾರ ರಾತ್ರಿ

ಸ್ವಾಮಿ, ಹಳೇ ಕೈ ಸಿಕ್ಕವನು ಡಿಕ್ಕಿ ತೆಗೆದು, ಹಿಂದಿನ ಸೀಟು ಮಡಚಿ ಒಳಗೆ ಬರುತ್ತಾನೆ. ಮುಂದಿನ ಬಾಗಿಲಿಗೆ ಬೀಗ ಹಾಕಿ ಹಿತ್ತಿಲು ತೆರೆದಿಟ್ಟ ಹಾಗಾಯಿತು.

ಅಡಿಕೆ_ತೋಟ (ಶಿರಸಿ), ಭಾನುವಾರ ರಾತ್ರಿ

ಯಾರು ಕದೀತಾರೆ ಅಂದವರು ನೀವೇ ಅಲ್ವಾ! ಆದರೆ ಮಾತು ಸರಿ.

ಕೀಲಿ_ಅಂಗಡಿ_ಮಗಳು (ಹುಬ್ಬಳ್ಳಿ), ಸೋಮವಾರ ಬೆಳಿಗ್ಗೆ

ಹೊಸ ಡಿಕ್ಕಿ ಬೀಗ ಬೇಕಾಗಿಯೇ ಇಲ್ಲ ಅಣ್ಣಾ. ಹಳೇ ಬೀಗವನ್ನೇ ಹೊಸ ಕೈಗೆ ಹೊಂದಿಸಬಹುದು. ಬ್ಯಾರೆಲ್ (ಬೀಗದಲ್ಲಿ ಕೈ ಜೊತೆ ತಿರುಗುವ ಉರುಳೆ) ಒಳಗೆ ಹಿತ್ತಾಳೆಯ ಪುಟ್ಟ ಪ್ಲೇಟುಗಳು ಸಾಲಾಗಿ ಇರುತ್ತವೆ, ಒಂದೊಂದರ ಕೆಳಗೆ ಕೂದಲಿನಷ್ಟು ತೆಳು ಸ್ಪ್ರಿಂಗು. ಸರಿಯಾದ ಕೈ ಹಾಕಿದಾಗ ಎಲ್ಲಾ ಪ್ಲೇಟು ಬ್ಯಾರೆಲ್‌ಗೆ ಸಮ ಆಗುತ್ತವೆ. ಒಂದು ಮೇಲೆದ್ದರೂ ತಿರುಗುವುದಿಲ್ಲ. ಹೊಸ ಕೈ ಹಾಕಿ ನೋಡಿ ಮೇಲೆದ್ದ ಪ್ಲೇಟುಗಳನ್ನು ತೆಗೆದು, ಆ ಜಾಗಕ್ಕೆ ತಕ್ಕ ಎತ್ತರದ್ದು ಕೂರಿಸಿದರೆ ಆಯಿತು. ಹೊಸ ಕೈ ತಿರುಗುತ್ತೆ, ಹಳೇದು ತಿರುಗುವುದಿಲ್ಲ. ಬಾಗಿಲಿನವನ್ನೂ ಹೀಗೇ ಮಾಡಬಹುದಿತ್ತು, ನೀವು ಸೆಟ್ ತರಿಸಿಬಿಟ್ಟಿದ್ದಿರಿ ಅಂತ ಸುಮ್ಮನಾದೆ.

ಮೇಲೆದ್ದ ಪ್ಲೇಟನ್ನು ಅರ ಹಾಕಿ ಸವರಿಬಿಡುವವರೂ ಇದ್ದಾರೆ. ಹಾಗೆ ಮಾಡಿಸಬೇಡಿ, ಹಳೇ ಕೈ ಆಗಲೂ ತಿರುಗಬಹುದು, ಬೇರೆ ಯಾವುದೋ ಕೈಗೂ ತಿರುಗಬಹುದು. ಮನೆಯಲ್ಲೇ ಬಿಚ್ಚುವುದಾದರೆ ಬಿಳಿ ಪಂಚೆ ಹಾಸಿಕೊಂಡು ಕೂತುಕೊಳ್ಳಿ. ಸ್ಪ್ರಿಂಗ್ ಹಾರಿದರೆ ಮಣ್ಣಿನ ಅಂಗಳದಲ್ಲಿ ದೇವರೇ ಹುಡುಕಬೇಕು.

ಅಡಿಕೆ_ತೋಟ (ಶಿರಸಿ), ಸೋಮವಾರ ಮಧ್ಯಾಹ್ನ

ಪಂಚೆ ಹಾಸಿಯಾಗಿದೆ. ಬಾಗಿಲಿನಿಂದ ತೆಗೆದ ಹಳೇ ಬೀಗದ ಪ್ಲೇಟು ಇದಕ್ಕೆ ಆಗುತ್ತವಾ?

ಕೀಲಿ_ಅಂಗಡಿ_ಮಗಳು (ಹುಬ್ಬಳ್ಳಿ), ಸೋಮವಾರ ಮಧ್ಯಾಹ್ನ

ಒಂದೇ ಗಾಡಿಯ ಒಂದೇ ಕಂಪನಿಯ ಬೀಗವಾದರೆ ಸಾಮಾನ್ಯವಾಗಿ ಆಗುತ್ತೆ. ಹಾಕಿ ನೋಡಿ. ಕೊನೆಗೆ ಹಳೇ ಕೈ ಹಾಕಿ ತಿರುಗುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು ಮರೆಯಬೇಡಿ. ಕೀಲಿಯವರು ಮಾಡಿಕೊಟ್ಟದ್ದು ಅದೇ ಹಳೇ ಅಳತೆಯದು ಅಲ್ವಾ, ಅದರಲ್ಲೇ ನೋಡಿ.

ಅಡಿಕೆ_ತೋಟ (ಶಿರಸಿ), ಸೋಮವಾರ ರಾತ್ರಿ

ಆಯಿತು! ಮೂರು ಪ್ಲೇಟು ಬದಲಾದವು. ಹಳೇ ಅಳತೆಯ ಕೈ ಎಲ್ಲೂ ತಿರುಗುವುದಿಲ್ಲ, ಹೊಸದು ಎಲ್ಲಾ ಕಡೆ ತಿರುಗುತ್ತೆ. ಪೆಟ್ರೋಲ್ ಮುಚ್ಚಳವನ್ನು ಕೀಲಿಯವರು ಅರ ಹಾಕಿ ತೆರೆದುಕೊಟ್ಟರು, ಈಗ ಬೀಗ ಇಲ್ಲದ್ದು ಹಾಕಿದ್ದೇನೆ. ಬಲಬಾಗಿಲು ಸ್ವಲ್ಪ ಬಿಗಿ. ನಮ್ಮ ಆಯಿ ತೆಂಗಿನೆಣ್ಣೆ ಬಿಡು ಅನ್ನುತ್ತಿದ್ದಾರೆ.

ಹಳೇಗಾಡಿ_ಹುಚ್ಚ (ಬೆಂಗಳೂರು), ಸೋಮವಾರ ರಾತ್ರಿ

ಎಣ್ಣೆ ಬಿಟ್ಟರೆ ಇವತ್ತು ನುಣುಪು, ಆರು ತಿಂಗಳಿಗೆ ಧೂಳು ಹಿಡಿದು ಅಂಟು. ಗ್ರಾಫೈಟ್ ಪುಡಿ ಹಾಕಿ. ಸಿಗದಿದ್ದರೆ ಮಗಳ ಪೆನ್ಸಿಲ್ ಸೀಸವನ್ನು ಕೈಯ ಹಲ್ಲಿಗೆ ಚೆನ್ನಾಗಿ ಉಜ್ಜಿ ಹತ್ತು ಸಲ ಹಾಕಿ ತೆಗೆಯಿರಿ.

ಕೀಲಿ_ಅಂಗಡಿ_ಮಗಳು (ಹುಬ್ಬಳ್ಳಿ), ಸೋಮವಾರ ರಾತ್ರಿ

ಸೆಟ್‌ನಲ್ಲಿ ಬಂದ ಎರಡನೇ ಕೈ ಗೊಂಚಲಿಗೆ ಹಾಕಬೇಡಿ ಅಣ್ಣಾ. ಮತ್ತೆ ಆ ಹಳೇ ಬ್ಯಾರೆಲ್‌ಗಳನ್ನು, ಹೊಂದದ ಡಿಕ್ಕಿ ಬೀಗವನ್ನು ಗುಜರಿಗೆ ಹಾಕಬೇಡಿ. ಹಳೇ 800ರ ಪ್ಲೇಟು ಈಗ ಸುಲಭವಾಗಿ ಸಿಗುವುದಿಲ್ಲ. ನಮ್ಮ ಪ್ಲೇಟ್ ಡಬ್ಬಿಗೆ ಬೇಕು.

ಅಡಿಕೆ_ತೋಟ (ಶಿರಸಿ), ಮಂಗಳವಾರ ಬೆಳಿಗ್ಗೆ

ಎರಡನೇ ಕೈ ಆಯಿಯ ಟ್ರಂಕಿನಲ್ಲಿದೆ. ಬ್ಯಾರೆಲ್ ಎಲ್ಲಾ ಒಂದು ಡಬ್ಬಿಗೆ ತುಂಬಿದ್ದೇನೆ ಅಕ್ಕಾ, ಶುಕ್ರವಾರದ ಹುಬ್ಬಳ್ಳಿ ಬಸ್ಸಿಗೆ ಕೊಡುತ್ತೇನೆ. ಜೊತೆಗೆ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಇದೆ, ಅದನ್ನು ಪ್ಲೇಟ್ ಡಬ್ಬಿಯ ಪಕ್ಕ ಇಡಬೇಡಿ.